ನಾವು ಶತ್ರುಗಳಾದದ್ದು

ಯುದ್ಧ ಮುಗಿಯಿತೆಂಬ ಸುದ್ದಿ ಬಂದಾಗ ನಾವು ಲಾಂಡ್ರಿಯ ನೆಲದ ಮೇಲೆ ಬೋರಲು ಬಿದ್ದಿದ್ದೆವು. ಸೈರನ್ ಆಗಿತ್ತು. ಸೈರನ್ ಆದರೆ ಕೈಯಲ್ಲಿದ್ದದ್ದನ್ನು ಬಿಟ್ಟು ನಿಂತಲ್ಲೇ ಬೀಳಬೇಕು, ಅದು ನಿಯಮ. ನೆಲದ ತುಂಬ ಬಟ್ಟೆ ಒಗೆಯುವ ಸೋಡಾದ ನೀರು. ಕೆನ್ನೆ ಉರಿಯುತ್ತದೆ, ಬಾಯಿಗೆ ಹೋದರೆ ನಾಲಿಗೆ ಸುಲಿಯುತ್ತದೆ. ಹೊರಗೆ ಬೀದಿಯಲ್ಲಿ ಜನ ಡಬ್ಬ ಬಡಿಯುತ್ತಿದ್ದರು, ಕೇಕೆ ಹಾಕುತ್ತಿದ್ದರು.

"ಏನೇ ಅದು ಗಲಾಟೆ?" ಎಂದಳು ಪಕ್ಕದಲ್ಲಿ ಬಿದ್ದಿದ್ದ ದೊಡ್ಡಮ್ಮ. ಅವಳು ನಮಗ್ಯಾರಿಗೂ ದೊಡ್ಡಮ್ಮನಲ್ಲ. ಒಗೆಯುವವರಲ್ಲಿ ಹಿರಿಯಳು, ಅದಕ್ಕೆ ಎಲ್ಲರಿಗೂ ದೊಡ್ಡಮ್ಮ.

ನನ್ನ ಅತ್ತಿಗೆ ತಲೆ ಎತ್ತಿ ಕಿವಿಗೊಟ್ಟಳು. "ಯುದ್ಧ ಮುಗೀತಂತೆ."

"ತಲೆ ಕೆಳಗೆ!" ಮೇಸ್ತ್ರಿ ಕೂಗಿದ. "ಸೈರನ್ ಇನ್ನೂ ನಿಂತಿಲ್ಲ!"

ಯುದ್ಧ ಮುಗಿದ ಮೇಲೂ ನಾವು ಇನ್ನಷ್ಟು ಹೊತ್ತು ಹಾಗೇ ಬಿದ್ದಿದ್ದೆವು. ಆಮೇಲೆ ಎದ್ದೆವು. ಬಿದ್ದುಕೊಂಡಿದ್ದ ಹೊತ್ತಿನ ಕೆಲಸವನ್ನು ಕತ್ತಲಾದ ಮೇಲೆ ಮಾಡಿಕೊಟ್ಟು ಮನೆಗೆ ಹೋದೆವು. ಅದೂ ನಿಯಮ.

ನಮ್ಮದು ಸೈನ್ಯದ ಬಟ್ಟೆ ಒಗೆಯುವ ಲಾಂಡ್ರಿ. ಅಂಗಿ, ಕಂಬಳಿ, ಆಸ್ಪತ್ರೆಯ ಹಾಸು ಲಾರಿಗಟ್ಟಲೆ ಬರುತ್ತಿದ್ದವು. ರಕ್ತ, ಕೀವು, ಹೇಲು, ಮಣ್ಣು ಎಲ್ಲ ಅದರಲ್ಲೇ. ದೊಡ್ಡ ದೊಡ್ಡ ಹಂಡೆಗಳಲ್ಲಿ ಸೋಡಾ ಹಾಕಿ ಕುದಿಸಬೇಕು. ಉದ್ದ ಕೋಲಿನಿಂದ ತಿರುವಬೇಕು. ಎತ್ತಬೇಕು, ಬಡಿಯಬೇಕು, ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ನೀರು ಕುಡಿದ ಕಂಬಳಿ ಹೆಣದಷ್ಟು ಭಾರ. ಬೆರಳ ಸಂದಿಯ ಚರ್ಮ ಬಿಳಿಚಿ ಪದರಪದರವಾಗಿ ಏಳುತ್ತಿತ್ತು. ಉಣ್ಣುವಾಗ ಉಪ್ಪು ತಾಗಿದರೆ ಕಣ್ಣಲ್ಲಿ ನೀರು. ಯುದ್ಧಕ್ಕೆ ಹೋದ ನನ್ನ ಅಣ್ಣ ಎರಡನೇ ವರ್ಷವೇ ಸತ್ತ. ಅವನ ಹೆಂಡತಿ, ನಾನು ಒಂದೇ ಕೋಣೆಯಲ್ಲಿದ್ದೆವು. ಒಂದೇ ಹಂಡೆಗೆ ನಿಲ್ಲುತ್ತಿದ್ದೆವು.

ಗೋಡೆಯ ಆಚೆ ಇಸ್ತ್ರಿಯವರು. ಎಲ್ಲ ಗಂಡಸರು, ಎಲ್ಲ ಕಾಯಂ, ಎಲ್ಲ ಯೂನಿಯನ್ನಿನವರು. ನಮ್ಮನ್ನು ಯುದ್ಧ ಮುಗಿಯುವ ತನಕ ಮಾತ್ರ ಎಂದು ತೆಗೆದುಕೊಂಡಿದ್ದರು. ಹಾಗಾಗಿ ನಮಗೆ ಯೂನಿಯನ್ನಿನಲ್ಲಿ ಜಾಗವಿಲ್ಲ. ಇಸ್ತ್ರಿಯವರ ಕುಡಿಯುವ ನೀರಿನ ಡ್ರಮ್ಮನ್ನೂ ನಾವು ಮುಟ್ಟುವಂತಿರಲಿಲ್ಲ, ರಕ್ತದ ಬಟ್ಟೆ ಹಿಡಿಯುವ ಕೈ ಅಂತ. ಚರಂಡಿ ಪಕ್ಕದ ನಲ್ಲಿ ನಮ್ಮದು. ನಾವು ಒಗೆದ ಅಂಗಿಯನ್ನು ಮಾತ್ರ ಅವರು ಮುಟ್ಟಬಹುದಿತ್ತು. ಜನರಲ್ಲುಗಳು ತೊಡಬಹುದಿತ್ತು.

ಸಂಜೆ ಗೇಟಿನಲ್ಲಿ ಕೈ ಚಾಚಿಕೊಂಡು ಸಾಲು ನಿಲ್ಲಬೇಕು. ಗೇಟಿನವನು ಒಬ್ಬೊಬ್ಬಳ ಕೈ ಹಿಡಿದು ಮೂಸುತ್ತಾನೆ, ಸಾಬೂನು ಕದ್ದಿದ್ದಾಳೋ ಎಂದು. ದಿನವಿಡೀ ಸಾಬೂನಿನಲ್ಲಿ ಮುಳುಗಿದ ಕೈ ಮೂಸಿದರೆ ಇನ್ಯಾವ ವಾಸನೆ ಬಂದೀತು? ಅವನಿಗೆ ಮನಸ್ಸು ಬಂದವಳು ಕಳ್ಳಿ, ಮನಸ್ಸು ಬಾರದವಳು ಸಾಚಾ. ವಯಸ್ಸಿನ ಹುಡುಗಿಯಾದರೆ ಆ ಮೂಗು ಕೈಯಿಂದ ಶುರುವಾಗಿ ಕೊರಳ ತನಕ ಹೋಗುತ್ತಿತ್ತು. ನಾವು ಅವನಿಗಿಟ್ಟ ಹೆಸರು ಮೂಗಪ್ಪ.

ಲಾಂಡ್ರಿಗೆ ಅಂಟಿಕೊಂಡೇ ಯುದ್ಧಕೈದಿಗಳ ಶಿಬಿರ. ಅಲ್ಲಿನ ಬಟ್ಟೆಯೂ ನಮ್ಮಲ್ಲಿಗೇ ಬರುತ್ತಿತ್ತು. ಗಂಟು ಹೊತ್ತು ತರುತ್ತಿದ್ದವನು ಒಬ್ಬ ಸಣಕಲು ಕೈದಿ. ಅವನ ಹೆಸರು ಉಚ್ಚರಿಸಲು ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ. "ಶತ್ರು" ಎಂದು ಕರೆಯುತ್ತಿದ್ದೆವು. "ಶತ್ರು ಬಂದ ನೋಡ್ರೇ", "ಶತ್ರುಗೆ ಪಾಪ ನೆಗಡಿ". ಅವನೂ ಕರೆದರೆ ಓಗೊಡುತ್ತಿದ್ದ. ನಮ್ಮ ಮಾತು ಚೂರುಪಾರು ಕಲಿತಿದ್ದ.

ಒಂದು ದಿನ ದೊಡ್ಡಮ್ಮ ಅವನನ್ನು ಕೇಳಿದಳು. "ನಿನಗೆ ಎಷ್ಟು ಹೊತ್ತು ದುಡಿಸ್ತಾರಪ್ಪ?"

"ಎಂಟು ಗಂಟೆ. ಆಮೇಲೆ ಇಲ್ಲ. ಡಾಕ್ಟರ್ ಇದೆ. ಸಾಬೂನು ಇದೆ. ಭಾನುವಾರ ನಿದ್ದೆ."

"ಸೈರನ್ ಆದ್ರೆ?"

"ಬಂಕರ್ ಇದೆ. ಒಳಗೆ ಬೆಂಚು."

"ನೀನು ನಿಜಕ್ಕೂ ಕೈದಿನಾ?"

"ಕೈದಿ," ಎಂದು ಅವನು ಎದೆ ಮುಟ್ಟಿಕೊಂಡ.

"ಹಾಗಿದ್ರೆ ನಾವ್ಯಾರು?" ಎಂದಳು ಅತ್ತಿಗೆ.

ಅವನು ತನಗೆ ಗೊತ್ತಿದ್ದ ಮಾತನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದ. ನಮಗೆ ಹೊಂದುವ ಪದ ಸಿಗಲಿಲ್ಲ. ಗಂಟು ಇಳಿಸಿ ಹೋದ.

ಯುದ್ಧ ಮುಗಿದ ಮಾರನೆಯ ದಿನ ನಾವು ಮ್ಯಾನೇಜರ್ ಎದುರು ನಿಂತೆವು. ಇನ್ನು ಸೈರನ್ ಯಾಕೆ, ಮೂಸುವುದು ಯಾಕೆ, ಕತ್ತಲ ತನಕ ದುಡಿಮೆ ಯಾಕೆ ಎಂದು ಕೇಳಿದೆವು. ಅವನು ಬಲು ಮೃದು ಮಾತಿನವನು. ಬೈಯುವಾಗಲೂ ತಾಯಿ, ತಂಗಿ ಎನ್ನುತ್ತಿದ್ದ.

"ನೋಡಿ ತಾಯಂದಿರೇ, ಹೊರಗಡೆ ಮುಗಿದಿರಬಹುದು. ಇಲ್ಲಿ ಮುಗಿದಿದೆ ಅಂತ ನನಗೆ ಮೇಲಿಂದ ಹುಕುಂ ಬಂದಿಲ್ಲ. ಬರೋ ತನಕ ಈ ಗೇಟಿನ ಒಳಗೆ ಯುದ್ಧ ಇದೆ. ಯುದ್ಧದಲ್ಲಿ ಕೆಲಸ ನಿಲ್ಲಿಸಿದ್ರೆ ಏನು ಅಂತ ಬೋರ್ಡಲ್ಲಿ ಬರೆದಿದೆ."

ಬೋರ್ಡಿನಲ್ಲಿ ಬರೆದದ್ದು: ಯುದ್ಧಕಾಲದಲ್ಲಿ ಮುಷ್ಕರ ದೇಶದ್ರೋಹ.

ಯೂನಿಯನ್ ಸೆಕ್ರೆಟರಿಯ ಹತ್ತಿರ ಹೋದೆವು. ಅವನು ಇಸ್ತ್ರಿಯ ಹಳೆಯ ಆಳು, ಭಾಷಣಕ್ಕೆ ನಿಂತರೆ ಕಂಬವೂ ಕಣ್ಣೀರು ಹಾಕಬೇಕು. ಯುದ್ಧ ಶುರುವಾದಾಗ ಗೆಲ್ಲುವ ತನಕ ಜಗಳವಿಲ್ಲ ಎಂದು ಮ್ಯಾನೇಜರನ ಕೈ ಕುಲುಕಿದ್ದ. ಅವತ್ತಿನಿಂದ ಅವನಿಗೆ ಆಫೀಸಿನಲ್ಲಿ ಚಹಾ.

"ತಾಳಿ, ತಾಳಿ," ಎಂದ. "ನೀವು ತಾತ್ಕಾಲಿಕದವರು. ಯುದ್ಧ ಮುಗಿದ ತಕ್ಷಣ ನಿಮ್ಮ ವಿಷಯ ಎತ್ತಿಕೊಳ್ತೀವಿ."

"ಮುಗಿದಿದೆಯಲ್ಲ ಅಣ್ಣ?"

"ಅಧಿಕೃತವಾಗಿ ಮುಗೀಲಿ."

ಅಧಿಕೃತವಾಗಿ ಮುಗಿಯಲಿಲ್ಲ. ವಿಮಾನಕ್ಕೆ ಬೆಳಕು ಕಾಣದಿರಲೆಂದು ಕಿಟಕಿಗೆ ಬಳಿದ ಕಪ್ಪು ಬಣ್ಣ ಹಾಗೇ ಉಳಿಯಿತು. ಹಗಲಲ್ಲೂ ದೀಪದ ಬೆಳಕಲ್ಲಿ ಒಗೆದೆವು. ದಿನಾ ಮಧ್ಯಾಹ್ನ ಸೈರನ್ ಆಗುತ್ತಿತ್ತು. ಆಕಾಶದಲ್ಲಿ ಒಂದು ಕಾಗೆಯೂ ಇರುತ್ತಿರಲಿಲ್ಲ. ನಾವು ಬೀಳುತ್ತಿದ್ದೆವು, ಏಳುತ್ತಿದ್ದೆವು. ಅತ್ತ ಶಿಬಿರದ ಕೈದಿಗಳನ್ನೆಲ್ಲ ಲಾರಿ ಹತ್ತಿಸಿ ಅವರ ದೇಶಕ್ಕೆ ಕಳಿಸಿಬಿಟ್ಟರು. ಶತ್ರು ಕೈಬೀಸುತ್ತ ಹೋದ. ಯುದ್ಧ ಮುಗಿಯಿತೆಂದು ಶತ್ರುವನ್ನು ಮನೆಗೆ ಬಿಟ್ಟರು. ನಮ್ಮನ್ನು ಬಿಡಲಿಲ್ಲ.

ಅತ್ತಿಗೆಯ ಕೈ ಹೋದದ್ದು ಅಂಥ ಒಂದು ಸೈರನ್ನಿಗೆ. ಹಂಡೆ ಕೊತಕೊತ ಕುದಿಯುತ್ತಿತ್ತು. ಅವಳು ಕೋಲಿನಲ್ಲಿ ಕಂಬಳಿ ಎತ್ತಿದ್ದಳು, ಅರ್ಧ ಮೇಲಿತ್ತು, ಅರ್ಧ ನೀರಲ್ಲಿ. ಸೈರನ್ ಕೂಗಿತು. "ಬಿಡು, ಬೀಳು!" ಎಂದು ಮೇಸ್ತ್ರಿ ಅರಚಿದ. ಬಿಟ್ಟಳು, ಬಿದ್ದಳು. ಕಂಬಳಿ ದೊಪ್ಪನೆ ಹಂಡೆಗೆ ಬಿತ್ತು. ಕುದಿಯುವ ಸೋಡಾ ನೀರು ಎದ್ದು ಅವಳ ಎಡಗೈ ಮೇಲೆ ಸುರಿಯಿತು. ಅವಳು ಕೂಗಿದ ಕೂಗಿನಲ್ಲಿ ಸೈರನ್ ಕೇಳಿಸಲಿಲ್ಲ. ನಾನು ಏಳಹೋದೆ. ಮೇಸ್ತ್ರಿ ನನ್ನ ಬೆನ್ನ ಮೇಲೆ ಕಾಲಿಟ್ಟ. "ಸೈರನ್ ನಿಲ್ಲಲಿ," ಎಂದ. ನಿಲ್ಲುವ ತನಕ ನಾನು ಅವಳ ಚರ್ಮ ಅಂಗಿಯ ತೋಳಿಗೆ ಅಂಟಿ ಬರುವುದನ್ನು ಬಿದ್ದಲ್ಲಿಂದಲೇ ನೋಡಿದೆ.

ಮ್ಯಾನೇಜರ್ ಬಂದು ನೋಡಿದ. ಲೊಚಗುಟ್ಟಿದ.

"ಡಾಕ್ಟರನ್ನ ಕರೆಸಿ ಸಾಹೇಬ್ರೇ," ಎಂದೆ.

"ತಂಗೀ, ಇದು ಸೈರನ್ ಹೊತ್ತಲ್ಲಿ ಆದ ಗಾಯ. ಅಂದ್ರೆ ಶತ್ರು ದಾಳಿಯಲ್ಲಿ ಆದ ಗಾಯ. ಇದಕ್ಕೆ ಲಾಂಡ್ರಿ ಹೊಣೆ ಅಲ್ಲ."

"ಯಾವ ಶತ್ರು? ಯಾವ ದಾಳಿ?"

"ದಾಳಿ ಇಲ್ಲದೆ ಸೈರನ್ ಯಾಕಾಗತ್ತೆ?" ಎಂದು ಅವನು ನನ್ನನ್ನೇ ಕೇಳಿದ.

ಊರ ಆಸ್ಪತ್ರೆಯಲ್ಲಿ ವಾಪಸು ಬಂದ ಸೈನಿಕರು ವರಾಂಡದಲ್ಲೆಲ್ಲ ಮಲಗಿದ್ದರು. ಒಬ್ಬಳು ನರ್ಸು ಬಟ್ಟೆ ಸುತ್ತಿ ಕಳಿಸಿದಳು. ಕೆಲಸ ಬಿಟ್ಟರೆ ಹೊಟ್ಟೆಗೆ ಏನು? ಮಾರನೆಯ ದಿನದಿಂದಲೇ ಅತ್ತಿಗೆ ಒಂದೇ ಕೈಯಲ್ಲಿ ಕೋಲು ತಿರುವಿದಳು. ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಕೆಲವು ದಿನಕ್ಕೆ ಕಟ್ಟಿದ ಬಟ್ಟೆ ಹಸಿರಾಯಿತು.

ಒಂದು ಸಂಜೆ ಗೇಟಿನಲ್ಲಿ ಮೂಗಪ್ಪ ಅವಳ ಕಟ್ಟನ್ನು ತೋರಿಸಿದ. "ಬಿಚ್ಚು. ಒಳಗೆ ಸಾಬೂನಿದೆ."

"ಗಾಯ ಇದೆ," ಎಂದಳು.

"ಎಲ್ಲ ಕಳ್ಳಿಯರಿಗೂ ಗಾಯ ಇರತ್ತೆ. ಬಿಚ್ಚು."

ಬಿಚ್ಚಿದಳು. ಸುತ್ತು ಸುತ್ತಾಗಿ ಬಿಚ್ಚಿದಳು. ಕೊನೆಯ ಸುತ್ತು ಅಂಟಿತ್ತು, ಕಿತ್ತಳು. ಕೈ ಮೊಣಕೈ ತನಕ ಕಪ್ಪಾಗಿತ್ತು. ನಾತಕ್ಕೆ ಸಾಲಿನಲ್ಲಿದ್ದವರೆಲ್ಲ ಹಿಂದೆ ಸರಿದರು. ಅವಳು ಕೈಯನ್ನು ಮೂಗಪ್ಪನ ಮುಖದ ಹತ್ತಿರ ಒಯ್ದಳು. "ಮೂಸು."

ಅವನು ಮುಖ ತಿರುಗಿಸಿದ.

"ಮೂಸಯ್ಯ! ಇಷ್ಟು ದಿನ ಮೂಸಿದೆಯಲ್ಲ. ಇದನ್ನೂ ಮೂಸು."

ಮೂಗಪ್ಪ ಗೋಡೆಗೆ ಕೈ ಆನಿಸಿಕೊಂಡು ವಾಂತಿ ಮಾಡಿದ. ಆಮೇಲೆ ಬಾಯಿ ಒರೆಸಿಕೊಂಡು, "ಸಾಬೂನಿಲ್ಲ. ಹೋಗು," ಎಂದ.

ಮರುದಿನ ಬೆಳಿಗ್ಗೆ ಚರಂಡಿ ನಲ್ಲಿಯ ಹತ್ತಿರ ಅತ್ತಿಗೆ ನಮ್ಮನ್ನೆಲ್ಲ ನಿಲ್ಲಿಸಿದಳು. ಕಣ್ಣು ಕೆಂಡದಂತಿದ್ದವು, ಜ್ವರಕ್ಕೋ ಸಿಟ್ಟಿಗೋ.

"ಮುಷ್ಕರ ಮಾಡಬಾರದು ಅಲ್ವಾ, ಯುದ್ಧ ಇದೆ ಅಂತ? ಮಾಡೋದು ಬೇಡ. ಯುದ್ಧ ಇದ್ರೆ ಇನ್ನೊಂದು ಮಾಡಬಹುದಲ್ಲ."

"ಏನು?"

"ಸೋಲಬಹುದು. ಶರಣಾಗೋಣ ಬನ್ರೇ."

ಯಾರೋ ನಕ್ಕರು. ಅವಳು ನಗಲಿಲ್ಲ. "ಶತ್ರು ಹೇಳಿದ್ದು ನೆನಪಿದೆಯಾ? ಎಂಟು ಗಂಟೆ. ಡಾಕ್ಟರ್. ನನಗೆ ಡಾಕ್ಟರ್ ಬೇಕು ಕಣ್ರೇ. ಈ ದೇಶದವಳಾಗಿ ಸಿಗಲಿಲ್ಲ. ಆ ಕಡೆಯವಳಾಗಿ ನೋಡ್ತೀನಿ."

ದೊಡ್ಡಮ್ಮ ಮೊದಲು ಕೈ ಒರೆಸಿಕೊಂಡಳು. "ನಡಿಯೇ. ಇಲ್ಲಿಗಿಂತ ಹಾಳು ಜಾಗ ಇನ್ನೆಲ್ಲಿದೆ?"

ಬಿಳಿ ಬಟ್ಟೆಗೆ ನಮ್ಮಲ್ಲಿ ಬರವೇ? ಕಲೆ ಹೋಗದ ಒಂದು ಆಸ್ಪತ್ರೆ ಹಾಸನ್ನು ಕೋಲಿಗೆ ಕಟ್ಟಿದೆವು. ಒಗೆಯುವ ಹೆಂಗಸರಷ್ಟೂ ಹೊರಟೆವು. ಮೇಸ್ತ್ರಿ ಓಡಿಬಂದು ಅಡ್ಡ ನಿಂತ. "ಮುಷ್ಕರಾನಾ? ಇದು ಮುಷ್ಕರಾನಾ? ಎಲ್ಲರನ್ನೂ ಒಳಗೆ ಹಾಕಿಸ್ತೀನಿ!"

"ಒಳಗೇ ಹೋಗ್ತಾ ಇದೀವಿ," ಎಂದಳು ಅತ್ತಿಗೆ. "ದಾರಿ ಬಿಡು."

ಶಿಬಿರದ ಅಧಿಕಾರಿ ಖಾಲಿ ಮೈದಾನದಲ್ಲಿ ಕುರ್ಚಿ, ಮೇಜು ಹಾಕಿಕೊಂಡು ಕೂತಿದ್ದ. ಕೈದಿಗಳು ಹೋದ ಮೇಲೆ ಅವನಿಗೆ ಕೆಲಸವೇ ಇರಲಿಲ್ಲ. ಇನ್ನೇನು ಶಿಬಿರ ಮುಚ್ಚಿ ಅವನನ್ನು ಯಾವುದೋ ಗೋದಾಮಿಗೆ ಹಾಕುವವರಿದ್ದರು. ಅಡುಗೆಯವನು, ಡಾಕ್ಟರು, ಕಾವಲಿನವರು ಎಲ್ಲರೂ ಬಿಸಿಲಿಗೆ ಮೈ ಕಾಯಿಸಿಕೊಂಡು ಕೂತಿದ್ದರು. ನಮ್ಮ ಬಿಳಿ ಬಾವುಟ ನೋಡಿ ಅವನು ಎದ್ದು ಟೋಪಿ ಹಾಕಿಕೊಂಡ.

"ಯಾವ ದೇಶದವರು ನೀವು?"

"ಇದೇ ದೇಶ."

"ಹಾಗಾದ್ರೆ ನಮಗೆ ಶರಣಾಗೋಕೆ ಬರಲ್ಲಮ್ಮ. ಶತ್ರುಗಳು ಮಾತ್ರ ಆಗಬಹುದು."

"ಇಷ್ಟು ವರ್ಷ ಯುದ್ಧ ನಡೆದದ್ದು ನಮ್ಮ ಮೇಲೇ ಸ್ವಾಮಿ," ಎಂದಳು ಅತ್ತಿಗೆ. "ಬೇರೆ ಯಾವ ಶತ್ರುನೂ ನಾವು ನೋಡಿಲ್ಲ. ಒಬ್ಬನನ್ನು ನೋಡಿದ್ವಿ, ಅವನು ಬಟ್ಟೆ ತಂದು ಕೊಟ್ಟು ಹೋಗ್ತಿದ್ದ."

"ಯುದ್ಧ ಮುಗಿದಿದೆ."

"ನಮ್ಮ ಲಾಂಡ್ರೀಲಿ ಮುಗಿದಿಲ್ಲ."

ಅಷ್ಟರಲ್ಲಿ ಗೋಡೆಯಾಚೆ ಸೈರನ್ ಕೂಗಿತು. ನಾವು ಹೊರಟದ್ದಕ್ಕೆ ಹೆದರಿ ಮೇಸ್ತ್ರಿ ಹೊತ್ತಲ್ಲದ ಹೊತ್ತಲ್ಲಿ ಒತ್ತಿದ್ದ. ಅಧಿಕಾರಿ ಹಳೆಯ ಅಭ್ಯಾಸಕ್ಕೆ ಮೇಜಿನಡಿ ತೂರಿಕೊಂಡ. ಕಾವಲಿನವರು ಬೋರಲು ಬಿದ್ದರು. ನಾವು ಹೆಂಗಸರು ಮಾತ್ರ ಬಾವುಟ ಹಿಡಿದು ನಿಂತೇ ಇದ್ದೆವು. ಸೈರನ್ ಆದಾಗ ನಿಂತದ್ದು ಅದೇ ಮೊದಲು. ಆಕಾಶ ಎಷ್ಟು ಖಾಲಿ ಇರುತ್ತದೆ ಎಂದು ಕಣ್ಣಾರೆ ನೋಡಿದ್ದೂ ಅದೇ ಮೊದಲು.

ಅಧಿಕಾರಿ ಮೊಣಕಾಲಿನ ಧೂಳು ಕೊಡವಿಕೊಂಡು ಹೊರಬಂದ. ನಾಚಿಕೊಂಡಿದ್ದ. ಖಾಲಿ ಬ್ಯಾರಕ್ಕುಗಳನ್ನು ನೋಡಿದ, ನಮ್ಮನ್ನು ನೋಡಿದ. ಅವನ ಮುಖದಲ್ಲಿ ಗೋದಾಮು ದೂರ ಸರಿಯುತ್ತಿರುವುದು ಕಾಣಿಸಿತು.

"ಶರಣು ಬಂದವರನ್ನ ತಿರುಗಿ ಕಳಿಸೋ ಹಾಗಿಲ್ಲ," ಎಂದ. "ನಿಯಮ."

ನಿಯಮ ಎಂಬ ಮಾತು ನಮ್ಮ ಕಡೆಗೆ ಮುಖ ಮಾಡಿದ್ದನ್ನು ನಾವು ಕಂಡೇ ಇರಲಿಲ್ಲ. ಅಡುಗೆಯವನು ಎದ್ದು ಒಲೆ ಹೊತ್ತಿಸಿದ. ಬಿಸಿ ಸೂಪು, ಬ್ರೆಡ್ಡು ಕೊಟ್ಟರು. ಒಬ್ಬೊಬ್ಬಳಿಗೂ ಇಡೀ ಸಾಬೂನು ಕೊಟ್ಟರು. ದೊಡ್ಡಮ್ಮ ಅದನ್ನು ಮೂಸಿ ಮೂಸಿ ಮಡಿಲಿಗಿಟ್ಟುಕೊಂಡಳು. ಸಂಜೆಯ ಹೊತ್ತಿಗೆ ಮಕ್ಕಳು ತಾಯಂದಿರನ್ನು ಹುಡುಕಿಕೊಂಡು ಬಂದು ಅಳುತ್ತ ಶರಣಾದವು. ಸೊಸೆಯನ್ನು ಬೈಯಲು ಬಂದ ಒಬ್ಬಳು ಅತ್ತೆ ಸೂಪಿನ ವಾಸನೆಗೆ ತಾನೂ ಶರಣಾದಳು.

ಡಾಕ್ಟರು ಅತ್ತಿಗೆಯ ಕಟ್ಟು ಬಿಚ್ಚಿದರು. ನೋಡಿದರು. ಆಮೇಲೆ ಸಿಡುಕಿದರು.

"ಎರಡು ವಾರ ಮುಂಚೆ ಬಂದಿದ್ರೆ ಕೈ ಉಳೀತಿತ್ತು. ಯಾಕಮ್ಮ ಬರಲಿಲ್ಲ?"

"ಆಗಿನ್ನೂ ನಾನು ನಿಮ್ಮ ಶತ್ರು ಆಗಿರಲಿಲ್ಲ ಡಾಕ್ಟ್ರೇ."

ಮೊಣಕೈಯಿಂದ ತುಸು ಮೇಲಕ್ಕೆ ಕತ್ತರಿಸಿದರು. ನಾನು ಹೊರಗೆ ನಿಂತಿದ್ದೆ. ಒಬ್ಬ ಕಾವಲಿನವನು ಬಕೆಟ್ಟು ಹಿಡಿದು ಹೊರಬಂದ. ಮೇಲೆ ಬಟ್ಟೆ ಮುಚ್ಚಿತ್ತು. ಅದು ನಾವೇ ಒಗೆದ ಬಟ್ಟೆ.

ಮಾರನೆಯ ದಿನ ಯೂನಿಯನ್ ಸೆಕ್ರೆಟರಿ ಮುಳ್ಳುತಂತಿಯ ಆಚೆ ಬಂದು ನಿಂತ. ಅವನ ಇಸ್ತ್ರಿಪೆಟ್ಟಿಗೆ ತಣ್ಣಗಾಗಿತ್ತು. ಒಗೆಯುವವರಿಲ್ಲದಿದ್ದರೆ ಇಸ್ತ್ರಿಗೆ ಬಟ್ಟೆ ಎಲ್ಲಿಂದ?

"ತಂಗಿಯಂದಿರೇ," ಎಂದು ಶುರುಮಾಡಿದ, "ಹೋರಾಟಕ್ಕೆ ಒಂದು ದಾರಿ ಇದೆ, ಶಿಸ್ತು ಇದೆ. ಶರಣಾಗೋದು ದುಡಿಯೋ ಜನಕ್ಕೇ ಅವಮಾನ."

ಅತ್ತಿಗೆ ಹಾಸಿಗೆಯಿಂದೆದ್ದು ನನ್ನ ಹೆಗಲು ಹಿಡಿದು ಬಂದಿದ್ದಳು. "ಅಣ್ಣ, ನೀವು ಯಾವಾಗಲೋ ಶರಣಾದವರು. ನಿಮಗೆ ಬರೀ ಚಹಾ ಕೊಟ್ರು. ನಮಗೆ ಊಟ ಹಾಕಿದಾರೆ."

ಅವನು ತಣ್ಣಗಾದ ಇಸ್ತ್ರಿಪೆಟ್ಟಿಗೆಯ ಕಡೆಗೇ ತಿರುಗಿ ನಡೆದ.

ಮೂರನೆಯ ದಿನ ಮ್ಯಾನೇಜರ್ ಬಂದ. ಬಟ್ಟೆಯ ರಾಶಿ ಬಾಗಿಲ ತನಕ ಬಂದಿತ್ತು. ಆಸ್ಪತ್ರೆಗಳಿಂದ ಫೋನಿನ ಮೇಲೆ ಫೋನು. ತನ್ನ ಆಳುಗಳನ್ನು ಬಿಡಿ ಎಂದು ಅಧಿಕಾರಿಯನ್ನು ಕೇಳಿಕೊಂಡ.

"ಯುದ್ಧ ಮುಗಿಯೋ ತನಕ ಕೈದಿಗಳನ್ನ ಬಿಡೋ ಹಾಗಿಲ್ಲ," ಎಂದ ಅಧಿಕಾರಿ. "ನಿಮ್ಮ ಲಾಂಡ್ರೀಲಿ ಮುಗಿದಿಲ್ಲ ಅಂತ ನೀವೇ ಹೇಳ್ತಿದೀರಲ್ಲ. ಬೇಕಾದ್ರೆ ಕೂಲಿಗೆ ಕಳಿಸ್ತೀನಿ. ಎಂಟು ಗಂಟೆ."

ಹೀಗೆ ನಾವು ಅದೇ ಲಾಂಡ್ರಿಗೆ, ಅದೇ ಹಂಡೆಗಳಿಗೆ, ಬಂದೂಕಿನ ಕಾವಲಿನಲ್ಲಿ ಅದೇ ಗೇಟಿನಿಂದ ಹೋದೆವು. ಸಂಜೆ ಮೂಗಪ್ಪ ಕೈ ಚಾಚಿದ. "ಕೈದಿಗಳ ಮೈ ಮುಟ್ಟಬಾರದು," ಎಂದು ಕಾವಲಿನವನು ಬಂದೂಕು ಅಡ್ಡ ಹಿಡಿದ. ಕಾವಲಿನವರಿಗೆ ಬಾಯಾರಿಕೆಯಾದಾಗ ನಮಗೂ ಇಸ್ತ್ರಿಯವರ ಡ್ರಮ್ಮಿನಿಂದಲೇ ನೀರು ಕೊಡಿಸಿದರು. ಒಬ್ಬನೂ ಅಡ್ಡ ಬರಲಿಲ್ಲ. ಮಧ್ಯಾಹ್ನ ಸೈರನ್ ಆಯಿತು. ಮೇಸ್ತ್ರಿ ಬಿದ್ದ. ಇಸ್ತ್ರಿಯವರು ಬಿದ್ದರು. ನಾವು ಬೀಳಲಿಲ್ಲ.

"ಬೀಳ್ರೇ! ಶತ್ರು ವಿಮಾನ!" ಮೇಸ್ತ್ರಿ ನೆಲದಿಂದ ಕೂಗಿದ.

"ಹಾಗಿದ್ರೆ ನಮ್ಮವೇ," ಎಂದಳು ದೊಡ್ಡಮ್ಮ. ಅಂಗಳಕ್ಕೆ ಹೋಗಿ ಖಾಲಿ ಆಕಾಶಕ್ಕೆ ಕೈಬೀಸಿದಳು. ನಾವೆಲ್ಲ ಹೋಗಿ ಬೀಸಿದೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ನನಗೆ ಅಳು ಬಂತು. ಬೀಸುವ ಕೈಗಳಲ್ಲಿ ಅತ್ತಿಗೆಯ ಕೈ ಇರಲಿಲ್ಲ. ಅವಳು ಶಿಬಿರದ ಹಾಸಿಗೆಯಲ್ಲಿದ್ದಳು.

ಎಂಟು ಗಂಟೆ ದುಡಿದು ಕೋಲು ಕೆಳಗಿಟ್ಟು ಹೋಗುವ ಹೆಂಗಸರನ್ನು ಮ್ಯಾನೇಜರ್ ಒಂದು ವಾರ ಸಹಿಸಿದ. ಆಮೇಲೆ ತಾನೇ ಊರಿಗೆ ಹೋಗಿ, ಇಷ್ಟು ತಿಂಗಳು ಬಾರದ ಹುಕುಮನ್ನು ಒಂದೇ ದಿನದಲ್ಲಿ ತಂದ. ಶಿಬಿರದ ಅಂಗಳದಲ್ಲಿ ನಿಂತು ಎರಡೂ ಕೈ ಎತ್ತಿ ಕೂಗಿದ. "ಯುದ್ಧ ಮುಗೀತು ತಾಯಂದಿರೇ! ಮುಗೀತು! ಯಾವಾಗಲೋ ಮುಗಿದಿತ್ತಂತೆ!"

ನಮ್ಮನ್ನು ಬಿಟ್ಟರು. ಅಧಿಕಾರಿ ಒಬ್ಬೊಬ್ಬಳಿಗೂ ಸಲಾಮು ಮಾಡಿದ. ಕಣ್ಣು ತೇವವಾಗಿತ್ತು, ನಮಗಾಗಿಯೋ ಗೋದಾಮಿಗಾಗಿಯೋ. ಲಾಂಡ್ರಿಯ ಗೇಟಿಗೆ ನಡೆದು ಬಂದೆವು. ಬೋರ್ಡು ಇಳಿಸಿದ್ದರು. ಮ್ಯಾನೇಜರ್ ಗೇಟು ಅಗಲಕ್ಕೆ ತೆರೆದು ನಿಂತಿದ್ದ. "ಬನ್ನಿ ಬನ್ನಿ. ಶಾಂತಿ ಬಂದಿದೆ. ಮೊದಲಿನ ಹಾಗೇ ಕೆಲಸ ನಡೀಲಿ."

ಅತ್ತಿಗೆ ಮುಂದೆ ಬಂದಾಗ ಕೈ ಅಡ್ಡ ಹಿಡಿದ. "ನಿನಗೆ ಕೆಲಸ ಇಲ್ಲ ತಂಗಿ. ಒಂದು ಕೈಲಿ ಹಿಂಡೋದು ಹೇಗೆ?"

"ಕೈ ಇಲ್ಲೇ ಹೋಗಿದ್ದು."

"ನೋಡು, ಯುದ್ಧ ಆಗಲೇ ಮುಗಿದಿತ್ತು. ಅಂದ್ರೆ ಆ ದಿನ ಶತ್ರು ದಾಳಿ ಆಗಿಲ್ಲ. ದಾಳಿ ಆಗಿಲ್ಲ ಅಂದ್ರೆ ಆ ಗಾಯನೂ ಆಗಿಲ್ಲ. ಆಗದೇ ಇರೋ ಗಾಯಕ್ಕೆ ನಾನೇನು ಮಾಡಲಿ?"

ಅವನು ಅದನ್ನು ತಮಾಷೆಗೆ ಹೇಳಲಿಲ್ಲ. ಒಂದನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುವವನ ಹಾಗೆ ಬಿಡಿಸಿ ಬಿಡಿಸಿ ಹೇಳಿದ. ಅತ್ತಿಗೆ ಜೋತಾಡುವ ಅಂಗಿಯ ಎಡತೋಳನ್ನು ಬಲಗೈಯಲ್ಲಿ ಹಿಡಿದು ಅವನಿಗೆ ತೋರಿಸಿದಳು. ಅದರೊಳಗೆ ಏನೂ ಇರಲಿಲ್ಲ. ಅವನು ಅದನ್ನು ನೋಡಿ ತಲೆಯಾಡಿಸಿದ, ತನ್ನ ಮಾತಿಗೆ ಸಾಕ್ಷಿ ಸಿಕ್ಕಿದ ಹಾಗೆ.

ದೊಡ್ಡಮ್ಮ ಆಗಲೇ ಗೇಟು ದಾಟಿದ್ದಳು. ವಾಪಸು ಬಂದಳು. ಒಬ್ಬೊಬ್ಬಳೇ ಎಲ್ಲರೂ ಹೊರಗೆ ಬಂದರು.

"ಏನಿದು?" ಎಂದ ಮ್ಯಾನೇಜರ್.

"ಮುಷ್ಕರ," ಎಂದಳು ದೊಡ್ಡಮ್ಮ. "ಈಗ ಮಾಡಬಹುದಲ್ಲ?"

ಆ ಮುಷ್ಕರದ ಗೆಲುವಿನ ಬಗ್ಗೆ ಯೂನಿಯನ್ನಿನವರು ಈಗ ವರ್ಷಕ್ಕೊಮ್ಮೆ ಭಾಷಣ ಮಾಡುತ್ತಾರೆ. ತಾವೇ ಮಾಡಿಸಿದ್ದು ಎನ್ನುತ್ತಾರೆ. ಅವತ್ತು ಗೆಲ್ಲುತ್ತೇವೆಂದು ನಮಗೇನೂ ಗೊತ್ತಿರಲಿಲ್ಲ. ಬಿಸಿಲು ಏರುತ್ತಿತ್ತು. ಇಸ್ತ್ರಿಯವರು ಕಿಟಕಿಯ ಕಪ್ಪು ಬಣ್ಣ ಉಗುರಿನಲ್ಲಿ ಕೆರೆದು ಇಣುಕುತ್ತಿದ್ದರು. ಹೊರಗೆ ಬರುವುದೋ ಬೇಡವೋ ಎಂದು ಅವರಿಗಿನ್ನೂ ಗೊತ್ತಾಗಿರಲಿಲ್ಲ.

"ಯುದ್ಧ ಮುಗೀತು ಅಂತ ಹೇಳಿದೆನಲ್ಲ!" ಮ್ಯಾನೇಜರನ ದನಿ ಮೊದಲ ಸಲ ಗಡುಸಾಯಿತು. "ಇನ್ನೇನು ಬೇಕು ನಿಮಗೆ?"

"ನೀವು ಹೇಳಿದ್ರಿ ಸಾಹೇಬ್ರೇ," ಎಂದಳು ಅತ್ತಿಗೆ. "ನಾವಿನ್ನೂ ಒಪ್ಪಿಲ್ಲ."

ಹೇಳಿ, ಗೇಟಿಗೆ ಅಡ್ಡಲಾಗಿ ನೆಲದ ಮೇಲೆ ಕೂತಳು. ನಾನು ಅವಳ ಎಡಕ್ಕೆ ಕೂತೆ, ಕೈ ಇಲ್ಲದ ಕಡೆಗೆ.